ಋತುಕಾಲವಿಚಾರ: ‘ಸುರಕ್ಷಿತ ಕಾಲ’ವು ಶಾಸ್ತ್ರವಚನಗಳಿಂದ ಸಿದ್ಧಿಸುವುದೆ?

೧

ಸ್ಮೃತಿಗಳಲ್ಲಿಯೂ ಆಯುರ್ವೇದ ಸಂಹಿತೆಗಳಲ್ಲಿಯೂ ‘ಋತು’ವೆಂಬ ಶಬ್ದವು ಸ್ತ್ರೀಯರ ವಿಷಯದಲ್ಲಿ ಒಂದು ನಿಯತವಾದ ಅರ್ಥದಲ್ಲಿ ಪ್ರಯುಕ್ತವಾಗಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ರಜೋದರ್ಶನದ ದಿನದಿಂದ ಮೊದಲುಗೊಂಡು ಇಷ್ಟು ರಾತ್ರಿಗಳು ಗರ್ಭಧಾರಣಕ್ಕೆ ಯೋಗ್ಯವಾದುವೆಂದು ಆ ಗ್ರಂಥಗಳು ಎಣಿಸಿ ಹೇಳಿರುವುವು. ಈಚೆಗೆ ಆ ವಚನಗಳಿಗೆ ಹೊಸದೊಂದು ಪ್ರಯೋಜನವನ್ನು ಕಲ್ಪಿಸುವ ವಾಡಿಕೆ ಹುಟ್ಟಿದೆ. ಔಷಧ, ಉಪಕರಣ, ಶಸ್ತ್ರಕ್ರಿಯೆಗಳ ಸಹಾಯವಿಲ್ಲದೆ, ತಿಂಗಳ ದಿನಗಳನ್ನು ಎಣಿಸಿಯೂ ದೇಹದ ಲಕ್ಷಣಗಳನ್ನು ಗಮನಿಸಿಯೂ ದಂಪತಿಗಳು ಸಂತಾನವನ್ನು ಮಿತಗೊಳಿಸಿಕೊಳ್ಳುವ ಕ್ರಮವೊಂದುಂಟಷ್ಟೆ. ಇದನ್ನು ಸಹಜ ಕುಟುಂಬ ಯೋಜನೆಯೆಂದೂ, ಇದರಲ್ಲಿ ಗರ್ಭ ನಿಲ್ಲದೆಂದು ಎಣಿಸುವ ದಿನಗಳನ್ನು ‘ಸುರಕ್ಷಿತ ಕಾಲ’ವೆಂದೂ ಕರೆಯುವರು. ಈ ಕ್ರಮವು ನಮ್ಮ ಪೂರ್ವಿಕರಿಗೆ ಪೂರ್ಣವಾಗಿ ತಿಳಿದಿದ್ದಿತು. ಋತುಕಾಲದ ವಚನಗಳೇ ಅದಕ್ಕೆ ಪ್ರಮಾಣ. ಆ ರಾತ್ರಿಗಳನ್ನು ಬಿಟ್ಟು ನಡೆದರೆ ಸಾಕು, ಗರ್ಭದ ಭಯವಿಲ್ಲ — ಇದು ಆ ವಾದದ ಸಾರ.

ಈ ವಾದವನ್ನು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ. ಇದು ಪಂಡಿತರ ಶುಷ್ಕವಾದವೆಂದು ಯಾರೂ ಭಾವಿಸಬೇಕಾದುದಿಲ್ಲ. ಸಿಡಿಲು ಮಲ್ಲಿಕಾರ್ಜುನನ ಬೆಟ್ಟದಡಿಯಲ್ಲಿರುವ ಬೆಟ್ಟದಪುರವು ವೇದಾಧ್ಯಯನಕ್ಕೆ ಹೆಸರಾದ ಸಂಕೇತಿ ಮನೆತನಗಳ ನೆಲೆ. ಸುತ್ತಲಿನ ಪಿರಿಯಾಪಟ್ಟಣ, ಹುಣಸೂರು ಸೀಮೆಗಳು ರಾಗಿ ಮತ್ತು ಹೊಗೆಸೊಪ್ಪಿನ ಬೇಸಾಯದವು. ಇಂತಹ ಊರುಗಳಲ್ಲಿ ಪಂಚಾಂಗ ನೋಡುವ ಮನೆಯಿಂದ ಹೊರಟ ಮಾತು ಹೊಲದ ಮನೆಯವರೆಗೂ ಹೋಗುವುದು. “ಹದಿನಾರು ಕಳೆದರೆ ಭಯವಿಲ್ಲ” ಎಂಬ ಮಾತು ಅಲ್ಲಿ ಕೇಳಿಬರುವುದುಂಟು. ಆ ಮಾತನ್ನು ನಂಬಿ ನಡೆದು ಕೈಕೂಸು ಇರುವಾಗಲೇ ಮತ್ತೆ ಬಸುರಾದ ಹೆಣ್ಣಿಗೆ, ವಚನದ ಅರ್ಥನಿರ್ಣಯವು ಶಾಲೆಯ ವಿನೋದವಾಗಿರದು. ಆದಕಾರಣ ವಾಕ್ಯವು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಅಧಿಕರಣದ ಕ್ರಮದಲ್ಲಿ ವಿಂಗಡಿಸಿ ನೋಡತಕ್ಕುದು.

೨

ಮೊದಲು ವಿಷಯವಾಕ್ಯಗಳ ಅರ್ಥವನ್ನು ಸಂಗ್ರಹಿಸುವೆವು. ಮನುಸ್ಮೃತಿಯ ೩ನೆಯ ಅಧ್ಯಾಯದಲ್ಲಿ ಸ್ತ್ರೀಯರ ಸ್ವಾಭಾವಿಕ ಋತುವು ೧೬ ರಾತ್ರಿಗಳೆಂದು ಹೇಳಿದೆ. ಅವುಗಳಲ್ಲಿ ಮೊದಲಿನ ೪, ಆಮೇಲೆ ೧೧ನೆಯದು, ೧೩ನೆಯದು ನಿಂದಿತ. ಉಳಿದ ೧೦ ಪ್ರಶಸ್ತ. ಸಮ ರಾತ್ರಿಗಳಲ್ಲಿ ಪುತ್ರರೂ ವಿಷಮ ರಾತ್ರಿಗಳಲ್ಲಿ ಪುತ್ರಿಯರೂ ಹುಟ್ಟುವರೆಂಬುದು ಅದರ ಮುಂದಿನ ಮಾತು. ನಿಂದಿತವಾದ ೬ ರಾತ್ರಿಗಳನ್ನಲ್ಲದೆ ಇನ್ನೂ ೮ ರಾತ್ರಿಗಳನ್ನು ಬಿಡುವವನು ಯಾವ ಆಶ್ರಮದಲ್ಲಿದ್ದರೂ ಬ್ರಹ್ಮಚಾರಿಯೇ ಎಂದು ಆ ಪ್ರಕರಣವು ಮುಗಿಯುವುದು. ಯಾಜ್ಞವಲ್ಕ್ಯನು ಆಚಾರಾಧ್ಯಾಯದಲ್ಲಿ ಅದೇ ೧೬ ರಾತ್ರಿಗಳನ್ನು ಅಂಗೀಕರಿಸಿ, ಮೊದಲಿನ ೪ ರಾತ್ರಿಗಳನ್ನೂ ಪರ್ವದಿನಗಳನ್ನೂ ಬಿಡಬೇಕೆನ್ನುವನು. ಅನಂತರ ಸ್ತ್ರೀಯರು ಪಡೆದ ವರವನ್ನು ಸ್ಮರಿಸಿ ಅವರ ಇಚ್ಛೆಯಂತೆಯೂ ನಡೆಯಬಹುದೆಂದು ಸೇರಿಸುವನು.

ವೈದ್ಯಗ್ರಂಥಗಳಲ್ಲಿ ಸುಶ್ರುತಸಂಹಿತೆಯ ಶಾರೀರಸ್ಥಾನವು ಋತುವನ್ನು ೧೨ ರಾತ್ರಿಗಳೆಂದು ಹೇಳುವುದು. ೧೩ನೆಯ ದಿನದಿಂದ ಮುಂದಿನವುಗಳನ್ನು ನಿಂದಿಸುವುದು. ಹಗಲು ಕಳೆದ ಮೇಲೆ ತಾವರೆಯು ಮುಚ್ಚಿಕೊಳ್ಳುವಂತೆ ಋತು ಕಳೆದ ಮೇಲೆ ಗರ್ಭದ್ವಾರವು ಮುಚ್ಚಿಕೊಳ್ಳುವುದೆಂಬ ಪ್ರಸಿದ್ಧವಾದ ಉಪಮೆಯು ಅಲ್ಲಿಯದು. ವಾಗ್ಭಟನು ಅಷ್ಟಾಂಗಹೃದಯದಲ್ಲಿ ೧೨ ರಾತ್ರಿಗಳ ಪಕ್ಷವನ್ನೇ ಹಿಡಿದಿರುವನು. ಕಾಲ, ಕ್ಷೇತ್ರ, ನೀರು, ಬೀಜ ಈ ನಾಲ್ಕೂ ಕೂಡಿದಾಗ ಮೊಳಕೆ ಹುಟ್ಟುವಂತೆ ಗರ್ಭವು ಹುಟ್ಟುವುದೆಂದು ಸುಶ್ರುತನು ಬೇಸಾಯದ ದೃಷ್ಟಾಂತವನ್ನೂ ಕೊಟ್ಟಿರುವನು.

ಇಲ್ಲಿಯೇ ಒಂದು ಸಂಗತಿಯನ್ನು ಗುರುತಿಸಿಕೊಳ್ಳಬೇಕು. ಒಂದು ಪಕ್ಷದಲ್ಲಿ ೧೬, ಇನ್ನೊಂದು ಪಕ್ಷದಲ್ಲಿ ೧೨. ಗರ್ಭವನ್ನು ಬಯಸುವವನಿಗೆ ಈ ಭೇದವು ಅಲ್ಪ. ಎರಡರಲ್ಲಿ ಯಾವುದನ್ನು ಹಿಡಿದರೂ ಅವನಿಗೆ ನಷ್ಟವಿಲ್ಲ. ಗರ್ಭವನ್ನು ತಪ್ಪಿಸಿಕೊಳ್ಳಬೇಕೆನ್ನುವವನಿಗೆ ನಡುವಣ ೪ ರಾತ್ರಿಗಳೇ ಸರ್ವಸ್ವ.

೩

ಇನ್ನು ಪೂರ್ವಪಕ್ಷ. ಋತುವು ಗರ್ಭಯೋಗ್ಯವಾದ ಕಾಲವೆಂದು ಹೇಳಿದ ಮೇಲೆ ಋತುವಲ್ಲದ ಕಾಲವು ಗರ್ಭಕ್ಕೆ ಅಯೋಗ್ಯವೆಂಬುದು ಅರ್ಥಾತ್ ಸಿದ್ಧ. ತಾವರೆಯ ಉಪಮೆಯು ಅದನ್ನು ಕಂಠೋಕ್ತವಾಗಿಯೇ ಹೇಳಿದೆ. ಆದಕಾರಣ ೧೭ನೆಯ ದಿನದಿಂದ ಮುಂದಿನ ರಜೋದರ್ಶನದವರೆಗೆ ಇರುವುದೇ ಸುರಕ್ಷಿತ ಕಾಲ. ಇಂದಿನ ವೈದ್ಯರು ಹೇಳುವುದೂ ತಿಂಗಳಿನ ನಡುವಣ ಕೆಲವು ದಿನಗಳು ಫಲವತ್ತಾದುವು, ಕೊನೆಯ ದಿನಗಳು ಅಲ್ಲ ಎಂದೇ. ಹೀಗೆ ಪ್ರಾಚೀನ ನವೀನಗಳೆರಡಕ್ಕೂ ಐಕಮತ್ಯ.

ಈ ಪಕ್ಷವು ಮೇಲುನೋಟಕ್ಕೆ ರಮ್ಯವಾಗಿದೆ. ಅದರಲ್ಲಿ ಸತ್ಯದ ಅಂಶವೂ ಉಂಟು. ಹತ್ತೊಂಬತ್ತನೆಯ ಶತಮಾನದ ಐರೋಪ್ಯ ವೈದ್ಯರಲ್ಲಿ ಅನೇಕರು ಪಶುಗಳ ಬೆದೆಯ ಸಾಮ್ಯದಿಂದ ಮುಟ್ಟಿನ ಹಿಂದುಮುಂದಿನ ದಿನಗಳೇ ಫಲವತ್ತಾದುವೆಂದೂ ತಿಂಗಳಿನ ನಡುಭಾಗವು ನಿರ್ಭಯವೆಂದೂ ಬೋಧಿಸುತ್ತಿದ್ದರು. ಅದು ವಸ್ತುಸ್ಥಿತಿಗೆ ನೇರ ವಿರುದ್ಧವಾದುದು. ಅವರಿಗೆ ಹೋಲಿಸಿದರೆ ೫ನೆಯ ರಾತ್ರಿಯಿಂದ ೧೬ನೆಯ ರಾತ್ರಿಯವರೆಗಿನ ನಮ್ಮ ಗಣನೆಯು ಸತ್ಯಕ್ಕೆ ಬಹಳ ಸಮೀಪ. ಈ ಗೌರವವನ್ನು ನಮ್ಮ ಗ್ರಂಥಕಾರರಿಗೆ ಸಲ್ಲಿಸಲೇಬೇಕು. ಆದರೆ ಬಿತ್ತುವವನಿಗೆ ಸಾಕಾಗುವ ಸಾಮೀಪ್ಯವು ಬಿತ್ತಬಾರದೆನ್ನುವವನಿಗೆ ಸಾಲದು.

೪

ಸಿದ್ಧಾಂತದಲ್ಲಿ ಮೊದಲು ವಾಕ್ಯದ ಸ್ವರೂಪವನ್ನು ನಿರ್ಣಯಿಸಬೇಕು. ಈ ಕಾರ್ಯವನ್ನು ನಮ್ಮ ನಾಡಿನವನೇ ಆದ ವಿಜ್ಞಾನೇಶ್ವರನು ಮಾಡಿಟ್ಟಿರುವನು. ೧೦೭೬ರಿಂದ ೧೧೨೬ರವರೆಗೆ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಕಲ್ಯಾಣದಲ್ಲಿ ರಚಿತವಾದ ಮಿತಾಕ್ಷರೆಯು ದಾಯಭಾಗಕ್ಕಾಗಿ ಲೋಕಪ್ರಸಿದ್ಧವಾಗಿದೆ. ಅದರ ಆಚಾರಾಧ್ಯಾಯವನ್ನು ಓದುವವರು ಕಡಿಮೆ. ಅಲ್ಲಿ ಈ ಪ್ರಕರಣದಲ್ಲಿಯೇ ಆತನು ಪ್ರಶ್ನೆಯೊಂದನ್ನು ಎತ್ತುವನು: ಋತುವಿನಲ್ಲಿ ಪತ್ನಿಯನ್ನು ಸೇರಬೇಕೆಂಬ ವಾಕ್ಯವು ವಿಧಿಯೋ, ನಿಯಮವೋ, ಪರಿಸಂಖ್ಯೆಯೋ?

ಮೀಮಾಂಸೆಯ ಪರಿಚಯವಿಲ್ಲದ ವಾಚಕರಿಗಾಗಿ ಈ ಮೂರನ್ನು ಸಂಕ್ಷೇಪವಾಗಿ ಹೇಳುವೆವು. ಬೇರೆ ಯಾವ ಪ್ರಮಾಣದಿಂದಲೂ ತಿಳಿಯದುದನ್ನು ಮಾಡೆಂದು ಹೇಳುವುದು ವಿಧಿ. ಅಗ್ನಿಹೋತ್ರವು ಇದಕ್ಕೆ ಉದಾಹರಣೆ. ಹೇಗೂ ಮಾಡಬಹುದಾದ ಕಾರ್ಯವನ್ನು ಹೀಗೆಯೇ ತಪ್ಪದೆ ಮಾಡೆಂದು ಕಟ್ಟುವುದು ನಿಯಮ. ಸಮವಾದ ನೆಲದಲ್ಲಿ ಯಾಗ ಮಾಡಬೇಕೆಂಬಂತೆ. ಒಂದನ್ನು ಹೆಸರಿಸಿ ಉಳಿದೆಲ್ಲವನ್ನೂ ತಳ್ಳುವುದೇ ತಾತ್ಪರ್ಯವಾದರೆ ಅದು ಪರಿಸಂಖ್ಯೆ. ಐದು ಉಗುರಿನ ಪ್ರಾಣಿಗಳಲ್ಲಿ ಇಂತಹ ಐದನ್ನು ಮಾತ್ರ ತಿನ್ನಬಹುದೆಂಬ ವಾಕ್ಯವು ತಿನ್ನೆಂದು ಹೇಳಿದುದಲ್ಲ, ಉಳಿದವನ್ನು ತಿನ್ನಬೇಡವೆಂದು ಹೇಳಿದುದು.

ದಂಪತಿಗಳ ಸಮಾಗಮವು ಇಚ್ಛೆಯಿಂದಲೇ ಪ್ರಾಪ್ತವಾದುದರಿಂದ ಇದು ಅಪೂರ್ವವಿಧಿಯಲ್ಲ. ಪರಿಸಂಖ್ಯೆಯೆಂದರೆ ಮೂರು ದೋಷಗಳು ಬರುವುವು: ವಾಕ್ಯವು ತನ್ನ ಅರ್ಥವನ್ನು ಬಿಡಬೇಕಾಗುವುದು, ಹೇಳದ ಅರ್ಥವನ್ನು ಹೊರಬೇಕಾಗುವುದು, ಅನ್ಯತ್ರ ಪ್ರಾಪ್ತವಾದುದಕ್ಕೆ ಬಾಧೆ ತರಬೇಕಾಗುವುದು. ಆದಕಾರಣ ವಿಜ್ಞಾನೇಶ್ವರನು ಇದನ್ನು ನಿಯಮವೆಂದೇ ನಿರ್ಣಯಿಸಿರುವನು. ಭಾರುಚಿ, ವಿಶ್ವರೂಪರೂ ಈ ಪಕ್ಷದವರು. ಋತುವಿನಲ್ಲಿ ತಪ್ಪದೆ ಸೇರಬೇಕು ಎಂಬಷ್ಟೇ ವಾಕ್ಯದ ಅರ್ಥ. ಋತುವಲ್ಲದ ಕಾಲದ ವಿಷಯದಲ್ಲಿ ಅದು ಮೌನವಾಗಿದೆ.

ಈಗ ಪೂರ್ವಪಕ್ಷದವರು ಮಾಡಿದುದೇನೆಂಬುದು ಸ್ಪಷ್ಟವಾಗುವುದು. ಋತುವಿನ ವಾಕ್ಯದಿಂದ ಅನೃತುವಿನ ಬಗೆಗೆ ಒಂದು ಸಿದ್ಧಾಂತವನ್ನು ಹೊರಡಿಸುವಾಗ ಅವರು ನಿಯಮವನ್ನು ಪರಿಸಂಖ್ಯೆಯನ್ನಾಗಿ ಮಾಡಿರುವರು. ಅಷ್ಟೇ ಅಲ್ಲ, “ಉಳಿದ ಕಾಲದಲ್ಲಿ ಸೇರಬಾರದು” ಎಂಬುದಕ್ಕೆ ಬದಲಾಗಿ “ಉಳಿದ ಕಾಲದಲ್ಲಿ ಸೇರಿದರೂ ಫಲವಿಲ್ಲ” ಎಂಬ ಅರ್ಥವನ್ನು ಕಲ್ಪಿಸಿರುವರು. ಪರಿಸಂಖ್ಯೆಯನ್ನೇ ಒಪ್ಪದ ವಾಕ್ಯದಿಂದ ಈ ಎರಡನೆಯ ಅರ್ಥವು ಹೇಗೆ ತಾನೆ ಹುಟ್ಟೀತು? ಮನುವಿನ ಬ್ರಹ್ಮಚರ್ಯದ ಮಾತನ್ನೂ ಇಲ್ಲಿ ಎಳೆಯಲಾಗದು. ಹದಿನಾರರಲ್ಲಿ ಹದಿನಾಲ್ಕನ್ನು ಬಿಟ್ಟರೆ ಉಳಿಯುವ ೨ ರಾತ್ರಿಗಳೂ ಋತುವಿನೊಳಗಿನವೇ. ಅಲ್ಲಿ ಸಂಯಮವಿದೆ, ಸಂತಾನವನ್ನು ತಪ್ಪಿಸುವ ಉದ್ದೇಶವಿಲ್ಲ.

ತಾವರೆಯ ಉಪಮೆಯ ಮಾತೇನು? ಅದು ವಿಧಿವಾಕ್ಯವಲ್ಲ, ವಸ್ತುಸ್ಥಿತಿಯನ್ನು ಹೇಳುವ ವಾಕ್ಯ. ಅಂತಹ ವಾಕ್ಯಕ್ಕೆ ಪ್ರತ್ಯಕ್ಷವೇ ನಿಕಷ. ಶವವನ್ನು ನೀರಿನಲ್ಲಿ ನೆನೆಯಿಟ್ಟು ಅಂಗಾಂಗಗಳನ್ನು ಕಣ್ಣಾರೆ ಕಂಡು ಶಾಸ್ತ್ರದೊಡನೆ ಹೋಲಿಸಬೇಕೆಂದು ವಿಧಿಸಿದ ಸುಶ್ರುತನೇ ಈ ನಿಕಷಕ್ಕೆ ಹೆದರುವವನಲ್ಲ. ಆತನ ಹೆಸರಿನಲ್ಲಿ ನಾವು ಹೆದರಬೇಕಾದುದೂ ಇಲ್ಲ.

೫

ಪ್ರತ್ಯಕ್ಷವು ಹೇಳುವುದೇನು? ೧೯೨೦ರ ದಶಕದಲ್ಲಿ ಜಪಾನಿನಲ್ಲಿ ಓಗಿನೋ, ಆಸ್ಟ್ರಿಯಾದಲ್ಲಿ ಕ್ನಾಸ್ ಎಂಬ ವೈದ್ಯರು ಒಬ್ಬರನ್ನೊಬ್ಬರು ಅರಿಯದೆ ಒಂದೇ ವಿಷಯವನ್ನು ಕಂಡುಹಿಡಿದರು. ಅಂಡವು ಹೊರಬರುವ ದಿನವು ಹಿಂದಿನ ಮುಟ್ಟಿನಿಂದ ಇಷ್ಟನೆಯದೆಂದು ನಿಯತವಾಗಿಲ್ಲ. ಮುಂದಿನ ಮುಟ್ಟಿಗೆ ಸುಮಾರು ೧೪ ದಿನ ಮೊದಲು ಅದು ಹೊರಬರುವುದು. ಇದರಲ್ಲಿಯೂ ಒಂದೆರಡು ದಿನಗಳ ಹೆಚ್ಚುಕಡಿಮೆಯುಂಟು. ಅಂಡವು ಜೀವಂತವಾಗಿರುವುದು ಒಂದು ದಿನದ ಒಳಗೆ. ಪುರುಷಬೀಜವಾದರೋ ಸ್ತ್ರೀದೇಹದಲ್ಲಿ ಸುಮಾರು ೫ ದಿನಗಳವರೆಗೆ ಬದುಕಬಲ್ಲುದು. ಆದ್ದರಿಂದ ಅಂಡವು ಹೊರಬರುವ ದಿನವೂ ಅದರ ಹಿಂದಿನ ೫ ದಿನಗಳೂ ಸೇರಿ ೬ ದಿನಗಳು ಫಲವತ್ತಾದುವು.

ಪ್ರಾಚೀನ ಗಣನೆಗೂ ಇದಕ್ಕೂ ಇರುವ ಮೂಲಭೇದವು ಇಲ್ಲಿದೆ. ಶಾಸ್ತ್ರವು ಕಂಡ ಮುಟ್ಟಿನಿಂದ ಮುಂದಕ್ಕೆ ಎಣಿಸುವುದು. ಪ್ರಕೃತಿಯು ಕಾಣದ ಮುಟ್ಟಿನಿಂದ ಹಿಂದಕ್ಕೆ ಎಣಿಸುವುದು. ಎಲ್ಲ ಸ್ತ್ರೀಯರ ಚಕ್ರವೂ ಒಂದೇ ಅಳತೆಯದಾಗಿದ್ದರೆ ಎರಡು ಎಣಿಕೆಗಳೂ ಕೂಡುತ್ತಿದ್ದುವು. ಆದರೆ ಅವು ಹಾಗಿಲ್ಲ. ೨೬ ದಿನಗಳ ಚಕ್ರದವಳಿಗೆ ಫಲವತ್ತಾದ ದಿನಗಳು ಸುಮಾರು ೭ರಿಂದ ೧೨. ೨೮ ದಿನಗಳವಳಿಗೆ ೯ರಿಂದ ೧೪. ೩೦ ದಿನಗಳವಳಿಗೆ ೧೧ರಿಂದ ೧೬. ೩೨ ದಿನಗಳವಳಿಗೆ ೧೩ರಿಂದ ೧೮. ೩೫ ದಿನಗಳವಳಿಗೆ ೧೬ರಿಂದ ೨೧.

ಈ ಲೆಕ್ಕವನ್ನು ವಚನಗಳ ಪಕ್ಕದಲ್ಲಿಟ್ಟು ನೋಡಬೇಕು. ಸುಶ್ರುತನ ೧೨ ರಾತ್ರಿಗಳ ಎಲ್ಲೆಯನ್ನು ನಂಬಿದರೆ ೨೮ ದಿನಗಳವಳಿಗೆ ೧೩, ೧೪ನೆಯ ದಿನಗಳು, ಎಂದರೆ ಅಂಡವು ಹೊರಬರುವ ಸಮಯವೇ, ನಿರ್ಭಯವೆಂದು ಎಣಿಸಿದಂತಾಗುವುದು. ೩೨ ದಿನಗಳವಳಿಗಂತೂ ಫಲವತ್ತಾದ ಆರು ದಿನಗಳೂ ‘ತಾವರೆ ಮುಚ್ಚಿದ’ ಮೇಲೆಯೇ ಬರುವುವು. ಮನುವಿನ ೧೬ರ ಎಲ್ಲೆಯನ್ನು ಹಿಡಿದರೂ ೩೨ ದಿನಗಳವಳಿಗೆ ೧೭, ೧೮ನೆಯ ದಿನಗಳು ಹೊರಗುಳಿಯುವುವು. ೩೫ ದಿನಗಳವಳಿಗೆ ಒಂದನ್ನುಳಿದು ಎಲ್ಲವೂ ಹೊರಗೆ. “ಹದಿನಾರು ಕಳೆದರೆ ಭಯವಿಲ್ಲ” ಎಂಬ ಮಾತಿನ ಬೆಲೆ ಇಷ್ಟು.

ಸಮ ವಿಷಮ ರಾತ್ರಿಗಳ ಮಾತನ್ನೂ ಇಲ್ಲಿಯೇ ಹೇಳಿ ಮುಗಿಸುವೆವು. ಶಿಶುವಿನ ಲಿಂಗವು ತಂದೆಯ ಬೀಜಾಣುವಿನಿಂದ ನಿರ್ಣೀತವಾಗುವುದೇ ಹೊರತು ರಾತ್ರಿಯ ಸಂಖ್ಯೆಯಿಂದಲ್ಲ. ಪೂರ್ವಿಕರ ‘ವಿಜ್ಞಾನ’ವನ್ನು ಕೊಂಡಾಡುವವರು ಈ ಭಾಗವನ್ನು ಮೆಲ್ಲನೆ ಬಿಟ್ಟು ೧೬ ರಾತ್ರಿಗಳ ಭಾಗವನ್ನು ಮಾತ್ರ ಹಿಡಿಯುವರು. ಒಂದೇ ಪ್ರಕರಣದಲ್ಲಿ ಅರ್ಧವನ್ನು ಪ್ರಮಾಣವೆಂದೂ ಅರ್ಧವನ್ನು ಅಲ್ಲವೆಂದೂ ಇಚ್ಛೆಯಂತೆ ಭಾಗಿಸುವುದು ಅರ್ಧಜರತೀಯನ್ಯಾಯವೆನಿಸುವುದು. ಇನ್ನು ಕೆಲವರು ಆ ಭಾಗವನ್ನೇ ಹಿಡಿದು ಗಂಡುಸಂತಾನದ ಆಸೆಗೆ ಶಾಸ್ತ್ರದ ಮುದ್ರೆಯೊತ್ತುವರು. ಹೆಣ್ಣುಭ್ರೂಣದ ಹತ್ಯೆಯನ್ನು ತಡೆಯಲು ೧೯೯೪ರಲ್ಲಿ ಶಾಸನವನ್ನೇ ಮಾಡಬೇಕಾಗಿ ಬಂದ ದೇಶದಲ್ಲಿ ಇದು ಮೊದಲಿನದಕ್ಕಿಂತಲೂ ಹೆಚ್ಚಿನ ಅನರ್ಥ.

೬

ಎಣಿಕೆಯ ಆರಂಭದಲ್ಲಿಯೂ ಒಂದು ಸೂಕ್ಷ್ಮವುಂಟು. ರಾತ್ರಿಯಲ್ಲಿ ರಜೋದರ್ಶನವಾದರೆ ಅದು ಯಾವ ದಿನಕ್ಕೆ ಸೇರಿದುದೆಂಬುದರಲ್ಲಿ ನಿಬಂಧಕಾರರಿಗೆ ಮೂರು ಪಕ್ಷಗಳು. ರಾತ್ರಿಯನ್ನು ಮೂರು ಭಾಗಮಾಡಿ ಮೊದಲೆರಡು ಭಾಗಗಳನ್ನು ಹಿಂದಿನ ದಿನಕ್ಕೂ ಕಡೆಯ ಭಾಗವನ್ನು ಮುಂದಿನ ದಿನಕ್ಕೂ ಸೇರಿಸುವರು ಕೆಲವರು; ಅರ್ಧರಾತ್ರಿಯೇ ಎಲ್ಲೆಯೆನ್ನುವರು ಕೆಲವರು; ಸೂರ್ಯೋದಯವೇ ಎಲ್ಲೆಯೆನ್ನುವರು ಇನ್ನು ಕೆಲವರು. ದೇಶಾಚಾರದಂತೆ ನಡೆಯಬಹುದೆಂದು ತೀರ್ಮಾನ. ಆಶೌಚಕ್ಕೆ ಇದರಿಂದ ಹಾನಿಯಿಲ್ಲ. ಆದರೆ ಆರು ದಿನಗಳ ಅವಧಿಯನ್ನು ಗುರುತಿಸಬೇಕಾದಾಗ ಒಂದು ದಿನದ ವ್ಯತ್ಯಾಸವು ಸಣ್ಣದಲ್ಲ. ಬೆಟ್ಟದಪುರದ ಕಡೆಯ ಮನೆಗಳಲ್ಲಿ ನಾಲ್ಕನೆಯ ದಿನದ ಸ್ನಾನದಿಂದ ಎಣಿಸುವವರೂ ಉಂಟು, ಅಮಾವಾಸ್ಯೆ ಹುಣ್ಣಿಮೆಗಳ ತಿಥಿಯಿಂದ ಎಣಿಸುವವರೂ ಉಂಟು. ಸ್ನಾನದಿಂದ ಎಣಿಸಿದರೆ ೩ ದಿನಗಳ ತಪ್ಪು ಮೊದಲಿಗೇ ಬರುವುದು. ಚಾಂದ್ರಮಾಸವು ಸುಮಾರು ೨೯ವರೆ ದಿನಗಳದು. ೨೭ ದಿನಗಳ ಚಕ್ರದವಳು ಕಳೆದ ತಿಂಗಳ ತಿಥಿಯನ್ನೇ ನೆಚ್ಚಿದರೆ ತಿಂಗಳಿಗೆ ಎರಡೂವರೆ ದಿನದಂತೆ ಲೆಕ್ಕವು ಜಾರುವುದು. ಇಂದಿನ ಕ್ರಮದಲ್ಲಿ ರಕ್ತವು ಕಂಡ ದಿನವೇ ೧ನೆಯ ದಿನ, ಇದರಲ್ಲಿ ವಿಕಲ್ಪವಿಲ್ಲ.

೭

ಹಾಗಾದರೆ ಪ್ರಾಚೀನ ವಾಕ್ಯಗಳಿಂದ ಈ ವಿಷಯದಲ್ಲಿ ಪ್ರಯೋಜನವೇ ಇಲ್ಲವೆ? ಉಂಟು, ಆದರೆ ಅದು ಜನರು ಹುಡುಕುವ ಕಡೆಯಲ್ಲಿಲ್ಲ.

ಮೊದಲನೆಯದು, ಸುಶ್ರುತನು ರಾತ್ರಿಗಳನ್ನು ಎಣಿಸಿದೊಡನೆಯೇ ಇನ್ನೊಂದು ಮತವನ್ನು ಉಲ್ಲೇಖಿಸಿರುವನು: ರಜಸ್ಸು ಕಾಣದಿದ್ದರೂ ಋತುವಿರಬಹುದೆಂದು ಕೆಲವರು ಹೇಳುವರು. ಅನಂತರ ಋತುಮತಿಯ ಲಕ್ಷಣಗಳನ್ನು, ಮುಖದ ಪ್ರಸನ್ನತೆ, ದೇಹದ ಆರ್ದ್ರತೆ, ಮನಸ್ಸಿನ ಔತ್ಸುಕ್ಯ ಮೊದಲಾದುವನ್ನು ಕೊಟ್ಟಿರುವನು. ಎಣಿಕೆಗಿಂತ ಲಕ್ಷಣವು ಬಲವತ್ತರವೆಂಬ ಬೀಜವು ಇಲ್ಲಿದೆ. ಹೆರಿಗೆಯಾದ ಹೆಂಗಸು ಮತ್ತೆ ಮುಟ್ಟಾಗುವ ಮೊದಲೇ ಅಂಡವು ಹೊರಬರಬಹುದೆಂಬುದು ಇಂದು ನಿಶ್ಚಿತವಾದ ಸಂಗತಿ. ‘ಹಾಲೂಡುವಾಗ ಬಸುರಿಲ್ಲ’ ಎಂಬ ನಂಬಿಕೆಗೆ ೧೯೮೮ರಲ್ಲಿ ಇಟಲಿಯ ಬೆಲ್ಲಾಜಿಯೋದಲ್ಲಿ ಸೇರಿದ ತಜ್ಞರು ಎಲ್ಲೆ ಹಾಕಿದರು: ಮಗುವಿಗೆ ಆರು ತಿಂಗಳು ತುಂಬಿರಬಾರದು, ಮಗುವು ಪೂರ್ಣವಾಗಿ ಅಥವಾ ಬಹುಪಾಲು ಮೊಲೆಹಾಲಿನಿಂದಲೇ ಬೆಳೆಯುತ್ತಿರಬೇಕು, ತಾಯಿಗೆ ಮುಟ್ಟು ಮರಳಿರಬಾರದು. ಈ ಮೂರೂ ಕೂಡಿದ್ದರೆ ನೂರಕ್ಕೆ ೯೮ರಷ್ಟು ರಕ್ಷಣೆ. ಒಂದು ತಪ್ಪಿದರೂ ಅದನ್ನು ನೆಚ್ಚಬಾರದು.

ಎರಡನೆಯದು, ಯಾಜ್ಞವಲ್ಕ್ಯನು ಸೂಚಿಸುವ ವರದ ಕಥೆ. ಅದು ತೈತ್ತಿರೀಯ ಸಂಹಿತೆಯಲ್ಲಿ ಬರುವುದು. ಇಂದ್ರನ ಹತ್ಯಾದೋಷದ ಮೂರನೆಯ ಒಂದು ಪಾಲನ್ನು ಸ್ತ್ರೀಯರು ಹೊತ್ತು ಪ್ರತಿಯಾಗಿ ವರವನ್ನು ಬೇಡಿದರು. ಅವರು ಬೇಡಿದುದು ಎರಡು: ಋತುವಿನಿಂದ ಸಂತಾನವಾಗಲಿ, ಪ್ರಸವದವರೆಗೂ ನಮ್ಮ ಇಚ್ಛೆಯಂತೆ ಸಮಾಗಮವಿರಲಿ. ಸಂತಾನವು ಒಂದು, ದಾಂಪತ್ಯದ ಪ್ರೀತಿಯು ಇನ್ನೊಂದು ಎಂಬ ವಿಭಾಗವು ಇಲ್ಲಿ ಶ್ರುತಿಯಿಂದಲೇ ಆಗಿದೆ. ವಿಜ್ಞಾನೇಶ್ವರನು ಪರಿಸಂಖ್ಯೆಯನ್ನು ನಿರಾಕರಿಸಿದುದರ ಫಲವೂ ಇದೇ. ಋತುವಲ್ಲದ ಕಾಲದ ಸಮಾಗಮವು ಪಾಪವಲ್ಲ, ಆದರೆ ಅಲ್ಲಿ ಸ್ತ್ರೀಯ ಇಚ್ಛೆಯು ಪ್ರಮಾಣ. ಸಹಜ ಕ್ರಮವು ನಿಲ್ಲುವುದು ಈ ತತ್ತ್ವದ ಮೇಲೆಯೇ. ಫಲವತ್ತಾದ ದಿನಗಳಲ್ಲಿ ಇಬ್ಬರೂ ಒಪ್ಪಿ ದೂರವಿರದಿದ್ದರೆ ಯಾವ ಎಣಿಕೆಯೂ ಕಾಯದು. ಹೆಂಡತಿಯ ‘ಈಗ ಬೇಡ’ ಎಂಬ ಮಾತಿಗೆ ಬೆಲೆಯಿಲ್ಲದ ಮನೆಯಲ್ಲಿ ಪಂಚಾಂಗವೇನು ಮಾಡೀತು?

೮

ಇದಕ್ಕೆ ನಮ್ಮ ನಾಡಿನ ಇತಿಹಾಸವೇ ಸಾಕ್ಷಿ. ೧೯೩೦ರ ಜೂನ್ ತಿಂಗಳಿನಲ್ಲಿ ಮೈಸೂರು ಸಂಸ್ಥಾನದ ಸರ್ಕಾರವು ಬೆಂಗಳೂರು, ಮೈಸೂರುಗಳಲ್ಲಿ ಸಂತಾನನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಮಾಡಿತು. ಸರ್ಕಾರವೇ ನಡೆಸಿದ ಇಂತಹ ಸಂಸ್ಥೆಗಳಲ್ಲಿ ಅವು ಲೋಕದಲ್ಲಿಯೇ ಮೊದಲಿನವೆಂದು ಎಣಿಕೆ. ೧೯೩೫ರ ಡಿಸೆಂಬರಿನಲ್ಲಿ ವಾರ್ಧಾದಲ್ಲಿ ಮಾರ್ಗರೆಟ್ ಸ್ಯಾಂಗರ್ ಮಹಾತ್ಮಾ ಗಾಂಧಿಯವರೊಡನೆ ವಾದಿಸಿದಾಗ, ಕೃತಕ ಸಾಧನಗಳನ್ನು ಒಪ್ಪದ ಗಾಂಧಿಯವರು ದಿನಗಳ ಎಣಿಕೆಯ ಕ್ರಮವನ್ನು ಅಷ್ಟಾಗಿ ವಿರೋಧಿಸಲಿಲ್ಲ. ಅದರಲ್ಲಿ ಸ್ವಲ್ಪವಾದರೂ ಸಂಯಮವುಂಟೆಂಬುದೇ ಕಾರಣ. ಸ್ವಾತಂತ್ರ್ಯಾನಂತರ ಆರೋಗ್ಯಮಂತ್ರಿಣಿಯಾದ ರಾಜಕುಮಾರಿ ಅಮೃತ ಕೌರ್ ಅವರಿಗೂ ಇದೇ ಕ್ರಮದಲ್ಲಿ ಒಲವು. ಅದರಂತೆ ೧೯೫೨ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ಅಮೆರಿಕದ ವೈದ್ಯ ಏಬ್ರಹಾಂ ಸ್ಟೋನರ ಮಾರ್ಗದರ್ಶನದಲ್ಲಿ, ದೆಹಲಿಯ ಲೋದಿ ಕಾಲೊನಿಯಲ್ಲಿಯೂ ನಮ್ಮ ರಾಮನಗರದಲ್ಲಿಯೂ ಪ್ರಯೋಗಗಳು ಆರಂಭವಾದುವು.

ಹಿಂದೆ ಕ್ಲೋಸ್‌ಪೇಟೆಯೆನಿಸಿದ್ದ ಆ ರಾಮನಗರದ ಹೆಂಗಸರಿಗೆ ಲೆಕ್ಕವು ಸುಲಭವಾಗಲೆಂದು ಬಣ್ಣದ ಮಣಿಗಳ ಸರಗಳನ್ನು ಕೊಟ್ಟರು. ಹಸುರು ಮಣಿ ನಿರ್ಭಯದ ದಿನ, ಕೆಂಪು ಮಣಿ ದೂರವಿರಬೇ���ಾದ ದಿನ. ದಿನಕ್ಕೊಂದು ಮಣಿಯನ್ನು ಸರಿಸಬೇಕು. ಕತ್ತಲಲ್ಲಿ ಬಣ್ಣ ತಿಳಿಯದ ತೊಡಕು, ಮಣಿಯನ್ನು ಹಿಂದುಮುಂದಾಗಿ ಸರಿಸಿದ ತೊಡಕು, ಸರವೇ ರಕ್ಷೆಯೆಂದು ನಂಬಿದ ತೊಡಕು, ಇವೆಲ್ಲ ಆ ಕಾಲದ ವೃತ್ತಾಂತಗಳಲ್ಲಿ ಬಂದಿವೆ. ಮೊದಲು ಆಸಕ್ತಿ ತೋರಿದವರು ಬಹಳ; ಕೊನೆಯವರೆಗೆ ನಡೆಸಿದವರು ಕೆಲವರು. ಇದನ್ನು ಹಳ್ಳಿಯ ಹೆಂಗಸರ ಅಜ್ಞಾನವೆಂದು ನಕ್ಕವರುಂಟು. ನಗುವಿಗೆ ಕಾರಣವಿಲ್ಲ. ಸರವನ್ನು ಕೊಟ್ಟದ್ದು ಹೆಂಡತಿಗೆ. ಸಂಯಮವು ಬೇಕಾದುದು ಇಬ್ಬರಿಗೆ.

ಅಜ್ಞಾನದ ಆರೋಪವನ್ನು ಇನ್ನೊಂದು ಪರೀಕ್ಷೆಯು ಅಳಿಸಿಹಾಕಿತು. ವಿಶ್ವ ಆರೋಗ್ಯ ಸಂಸ್ಥೆಯು ೧೯೭೦ರ ದಶಕದಲ್ಲಿ ಐದು ನಗರಗಳಲ್ಲಿ, ಅವುಗಳಲ್ಲಿ ಬೆಂಗಳೂರೂ ಒಂದು, ಲಕ್ಷಣದಿಂದ ಗುರುತಿಸುವ ಕ್ರಮವನ್ನು ಪರೀಕ್ಷಿಸಿತು. ಅಂಡವು ಹೊರಬರುವ ಮುನ್ನ ಸ್ತ್ರೀಯಲ್ಲಿ ಕಾಣುವ ಸ್ರಾವವು ತೆಳುವಾಗಿ, ಜಾರುವಂತೆ, ಎಳೆಯೆಳೆಯಾಗುವುದು. ಅದನ್ನು ನೋಡಿ ತಿಳಿಯುವುದೇ ಆ ಕ್ರಮ. ಕಲಿತ ೮೬೯ ಮಂದಿಯಲ್ಲಿ ನೂರಕ್ಕೆ ೯೩ ಮಂದಿ ಮೊದಲನೆಯ ತಿಂಗಳಿನಲ್ಲಿಯೇ ಲಕ್ಷಣವನ್ನು ಗುರುತಿಸಿದರು; ಅವರಲ್ಲಿ ಓದುಬರಹ ಬಾರದವರೂ ಇದ್ದರು. ಆದರೂ ಒಂದು ವರ್ಷದಲ್ಲಿ ನೂರಕ್ಕೆ ಸುಮಾರು ೨೦ ಮಂದಿ ಗರ್ಭಿಣಿಯರಾದರು. ನಿಯಮವನ್ನು ತಪ್ಪದೆ ಪಾಲಿಸಿದವರಲ್ಲಿ ಆ ಸಂಖ್ಯೆಯು ೩ರ ಆಸುಪಾಸು. ಜ್ಞಾನವು ಇದ್ದಿತು, ತಪ್ಪಿದುದು ಅನುಷ್ಠಾನ.

ರಾಮನಗರದ ಸರವು ವ್ಯರ್ಥವಾಗಲಿಲ್ಲವೆಂಬುದನ್ನೂ ಹೇಳಬೇಕು. ಅದೇ ಕಲ್ಪನೆಯನ್ನು ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದವರು ತಿದ್ದಿ ೩೨ ಮಣಿಗಳ ಸರವನ್ನು ಮಾಡಿದರು. ಉತ್ತರ ಭಾರತದಲ್ಲಿ ಅದಕ್ಕೆ ‘ಮಾಲಾಚಕ್ರ’ವೆಂದು ಹೆಸರು. ಚಕ್ರವು ೨೬ಕ್ಕೆ ಕಡಿಮೆಯಿಲ್ಲದೆ ೩೨ಕ್ಕೆ ಮೀರದೆ ಇರುವವರಿಗೆ ಮಾತ್ರ ಅದು. ೮ರಿಂದ ೧೯ನೆಯ ದಿನದವರೆಗೆ ದೂರವಿರಬೇಕು. ೨೦೦೨ರಲ್ಲಿ ಪ್ರಕಟವಾದ ಪರೀಕ್ಷೆಯ ಪ್ರಕಾರ, ಸರಿಯಾಗಿ ನಡೆಸಿದವರಲ್ಲಿ ವರ್ಷಕ್ಕೆ ನೂರರಲ್ಲಿ ೫ಕ್ಕಿಂತ ಕಡಿಮೆ, ಸಾಮಾನ್ಯವಾಗಿ ನಡೆಸಿದವರಲ್ಲಿ ೧೨ ಗರ್ಭಗಳು. ಶಾಸ್ತ್ರದ ಪ್ರಶಸ್ತ ರಾತ್ರಿಗಳು ೧೬ಕ್ಕೆ ನಿಂತುವು. ಪರೀಕ್ಷಿಸಿದ ಎಲ್ಲೆಯು ೧೯ಕ್ಕೆ ಹೋಯಿತು. ಪೂರ್ವಪಕ್ಷದ ತಪ್ಪು ಈ ಮೂರು ದಿನಗಳಲ್ಲಿ ಮೂರ್ತವಾಗಿದೆ.

ಚಕ್ರವು ಕ್ರಮತಪ್ಪಿದವರು, ಬಾಣಂತಿಯರು, ಮುಟ್ಟು ನಿಲ್ಲುವ ವಯಸ್ಸಿನವರು ಎಣಿಕೆಯೊಂದನ್ನೇ ನಂಬಬಾರದು. ಗರ್ಭದಿಂದ ಪ್ರಾಣಕ್ಕೆ ಅಪಾಯವುಳ್ಳವರಿಗೆ ಇದಕ್ಕಿಂತ ದೃಢವಾದ ಉಪಾಯಗಳನ್ನು ವೈದ್ಯರು ಹೇಳುವರು. ಇಷ್ಟಾದರೂ ಈ ಕ್ರಮಕ್ಕೆ ಒಂದು ವಿಶೇಷವುಂಟು. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ವಿವಾಹಿತ ಸ್ತ್ರೀಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಂತಾನನಿರೋಧದ ಶಸ್ತ್ರಕ್ರಿಯೆಗೆ ಒಳಗಾದವರು. ಪುರುಷರ ಶಸ್ತ್ರಕ್ರಿಯೆಯು ಇಲ್ಲವೆನ್ನುವಷ್ಟು ಅಲ್ಪ. ಭಾರವೆಲ್ಲವನ್ನೂ ಹೆಣ್ಣೇ ಹೊರುವ ಈ ಸ್ಥಿತಿಯಲ್ಲಿ, ಗಂಡನ ಪಾಲನ್ನು ಕೇಳುವ ಕ್ರಮವು ಇದೊಂದು.

೯

ಕಡೆಯದಾಗಿ ಶಬ್ದವಿಚಾರ. ಕನ್ನಡವನ್ನು ಬೋಧಿಸುವವರಿಗೆ ಇದು ಮುಖ್ಯ. ‘ಸುರಕ್ಷಿತ ಕಾಲ’ವೆಂಬ ಹೆಸರಿನಲ್ಲಿಯೇ ಒಂದು ಮೋಸವಿದೆ, ಅದು ಎಲ್ಲರಿಗೂ ಒಂದೇ ಆದ, ಭದ್ರವಾದ ಅವಧಿಯೊಂದು ಇದೆಯೆಂಬ ಭ್ರಮೆಯನ್ನು ಹುಟ್ಟಿಸುವುದು. ‘ಋತುಕಾಲ’ವನ್ನು ಈ ಅರ್ಥದಲ್ಲಿ ಬಳಸಿದರೆ ೧೬ ರಾತ್ರಿಗಳ ಸಂಸ್ಕಾರವು ಹಿಂದೆಯೇ ಬರುವುದು; ಅಲ್ಲದೆ ಇಂದಿನ ಬಳಕೆಯಲ್ಲಿ ಅದಕ್ಕೆ ಮುಟ್ಟಿನ ದಿನಗಳೆಂಬ ಅರ್ಥವೇ ರೂಢವಾಗುತ್ತಿದೆ. ‘ಬೆದೆ’ಯು ಪಶುಗಳಿಗೆ ಮೀಸಲು. ಸುಶ್ರುತನ ಬೇಸಾಯದ ದೃಷ್ಟಾಂತವನ್ನು ನೆನೆದರೆ ಅಚ್ಚಗನ್ನಡದ ಪದವೊಂದು ಕೈಗೆ ಸಿಕ್ಕುವುದು: ‘ಹದ’. ಮಳೆ ಬಿದ್ದ ಮೇಲೆ ನೆಲವು ಬಿತ್ತನೆಗೆ ಒದಗುವ ಸ್ಥಿತಿಗೆ ನಮ್ಮ ರೈತನು ‘ಹದ’ವೆನ್ನುವನು. ‘ಮಳೆಗಾಲ’ದಂತೆಯೇ ಆದೇಶಸಂಧಿಯಿಂದ ‘ಹದಗಾಲ’ವೆಂದರೆ ಗರ್ಭಯೋಗ್ಯವಾದ ದಿನಗಳಿಗೆ ಹೆಸರಾಗಬಹುದು. ಈ ಶಬ್ದದಲ್ಲಿ ಸಂಖ್ಯೆಯಿಲ್ಲ, ಲಕ್ಷಣವಿದೆ. ಹದವು ಎಲ್ಲ ಹೊಲಕ್ಕೂ ಒಂದೇ ದಿನ ಬರುವುದಿಲ್ಲವೆಂದು, ಕೆಂಪುಮಣ್ಣಿಗೆ ಬೇರೆ ಕಪ್ಪುಮಣ್ಣಿಗೆ ಬೇರೆಯೆಂದು, ಪಂಚಾಂಗದಲ್ಲಿ ಮಳೆ ನಕ್ಷತ್ರ ಹುಟ್ಟಿದ ಮಾತ್ರಕ್ಕೆ ಹದವಾಯಿತೆನ್ನಲಾಗದೆಂದು ಪಿರಿಯಾಪಟ್ಟಣದ ಯಾವ ರೈತನಿಗೂ ಹೇಳಿಕೊಡಬೇಕಾದುದಿಲ್ಲ. ಅವನು ಮಣ್ಣನ್ನು ಕೈಯಲ್ಲಿ ಹಿಡಿದು ನೋಡುವನು.

ಸಿದ್ಧಾಂತದ ಸಂಗ್ರಹವಿಷ್ಟು: ಋತುವಾಕ್ಯಗಳು ಸಂತಾನವನ್ನು ಬಯಸುವವರಿಗೆ ಹೇಳಿದ ನಿಯಮಗಳು, ಅವುಗಳಿಂದ ಅನೃತುವಿನ ನಿಷ್ಫಲತ್ವವು ಸಿದ್ಧಿಸದು. ಅವುಗಳ ಎಲ್ಲೆಯು ಪ್ರತ್ಯಕ್ಷದ ಎಲ್ಲೆಯಲ್ಲ. ಆ ಗ್ರಂಥಗಳಿಂದ ಇಂದಿಗೂ ಸ್ವೀಕಾರ್ಯವಾದುದು ರಾತ್ರಿಗಳ ಸಂಖ್ಯೆಯಲ್ಲ. ಲಕ್ಷಣವನ್ನು ನೋಡೆಂಬ ವೈದ್ಯನ ಮಾತು ಮತ್ತು ಸ್ತ್ರೀಯ ಇಚ್ಛೆಯನ್ನು ಕೇಳೆಂಬ ಸ್ಮೃತಿಕಾರನ ಮಾತು. ಶಾಸ್ತ್ರವನ್ನು ಗೌರವಿಸುವವರು ಅದು ಹೇಳದ ಭರವಸೆಯನ್ನು ಅದರ ಬಾಯಲ್ಲಿ ಇಟ್ಟು ಮನೆಮನೆಗೆ ಕಳುಹಿಸಬಾರದು. ಆ ಭರವಸೆಯು ಸುಳ್ಳಾದಾಗ ಅದರ ಫಲವನ್ನು ಒಂಬತ್ತು ತಿಂಗಳು ಹೊರುವವಳು ವಾದಿಯೂ ಅಲ್ಲ, ಪ್ರತಿವಾದಿಯೂ ಅಲ್ಲ.